ಹೊಸ ಸಾರಥಿಗೆ ಸದ್ದೂ ಸಂದೇಹವೂ



ಈ ದಿನ ನಿಮ್ಮ ಮನೆಯ ಅಡಿಗೆಗೆ ಬಳಸಿದ ಈರುಳ್ಳಿ, ಬೇಳೆ, ಎಣ್ಣೆ. ಒಲೆಗೆ ಜೋಡಿಸಿದ ಅನಿಲದ ಸಿಲಿಂಡರು. ಮಕ್ಕಳ ಪುಸ್ತಕಕ್ಕೆ ಬೇಕಾದ ಕಾಗದ. ಇವೆಲ್ಲ ಬಹುಮಟ್ಟಿಗೆ ಯಾವುದೋ ಒಂದು ರಾತ್ರಿ ಲಾರಿಯ ಬೆನ್ನೇರಿ ಬಂದವು. ಹಗಲಿನ ಜನದಟ್ಟಣೆಯ ಹೊತ್ತಿನಲ್ಲಿ ಭಾರೀ ವಾಹನಗಳಿಗೆ ನಗರದೊಳಗೆ ನಿರ್ಬಂಧವಿರುವುದರಿಂದ ಅವುಗಳ ಸಂಚಾರಕ್ಕೆ ರಾತ್ರಿಯೇ ಹಗಲು. ನಮ್ಮ ಸುಬ್ರಹ್ಮಣ್ಯಪುರದವರಿಗಂತೂ ಇದನ್ನು ಬೇರೆ ಹೇಳಬೇಕಾಗಿಲ್ಲ. ಹೊಸೂರು ರಸ್ತೆಯಿಂದ ತುಮಕೂರು ರಸ್ತೆಯವರೆಗೆ ಊರನ್ನು ಬಳಸಿಕೊಂಡು ಹೋಗುವ ನೈಸ್ ರಸ್ತೆ ತುರಹಳ್ಳಿಯ ಕಾಡಿನ ಮಗ್ಗುಲಲ್ಲೇ ಹಾದುಹೋಗಿದೆ. ಉತ್ತರಹಳ್ಳಿ, ವಸಂತಪುರ, ತಲಘಟ್ಟಪುರದ ಕಡೆಯ ಮನೆಗಳಲ್ಲಿ ದೀಪವಾರಿಸಿ ಮಲಗಿದ ಮೇಲೆ ದೂರದಲ್ಲಿ ಮೊರೆಯುತ್ತ ಸಾಗುವ ಸದ್ದು ಆ ರಸ್ತೆಯದು. ಆ ಸದ್ದು ನಮ್ಮ ನಿದ್ದೆಯನ್ನು ಕೆಡಿಸಿತೆಂದು ನಾವು ದೂರುವುದುಂಟು. ಆ ಸದ್ದಿನ ಒಳಗೇ ಕುಳಿತು ಸಾವಿರ ಕಿಲೋಮೀಟರು ಹೋಗಬೇಕಾದವನ ಪಾಡೇನು ಎಂದು ಯೋಚಿಸುವುದು ಕಡಮೆ.

ಅದರಲ್ಲಿಯೂ ಆತನು ಕಸಬಿಗೆ ಹೊಸಬನಾಗಿದ್ದರೆ ಕಷ್ಟ ಎರಡು ಬಗೆಯದಾಗುತ್ತದೆ. ಹೊರಗಿನಿಂದ ಬಂದು ಕಿವಿಯನ್ನು ಹೊಡೆಯುವ ಸದ್ದು ಒಂದು. ಒಳಗಿನಿಂದ ಎದ್ದು ಮನಸ್ಸನ್ನು ಕುಟ್ಟುವ ಸಂದೇಹ ಇನ್ನೊಂದು. ‘ಇದು ನನ್ನಿಂದ ಆದೀತೇ? ಬ್ರೇಕು ಹಿಡಿದೀತೇ? ಈ ಕೆಲಸಕ್ಕೆ ಬಂದು ತಪ್ಪು ಮಾಡಿದೆನೇ?’ ಇವೆರಡನ್ನೂ ಗೆಲ್ಲುವ ಬಗೆ ಹೇಗೆ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ನಿಮ್ಮಲ್ಲಿ ಎಷ್ಟೋ ಜನರ ಮನೆಯ ಮಗನೋ ಅಳಿಯನೋ ನೆರೆಮನೆಯ ಹುಡುಗನೋ ಇಂದು ಆ ಆಸನದಲ್ಲಿ ಕುಳಿತಿರಬಹುದು. ಯಾರೂ ಇಲ್ಲದಿದ್ದರೂ ಆ ರಸ್ತೆಯಲ್ಲಿ ನೀವೂ ಓಡಾಡುವವರೇ. ಆತನ ಕಿವಿ ಮತ್ತು ಮನಸ್ಸು ನೆಟ್ಟಗಿರುವುದರಲ್ಲಿ ನಿಮ್ಮ ಕ್ಷೇಮವೂ ಸೇರಿದೆ.

ಕಲಿಕೆಯ ದಾರಿ

ಲಾರಿಯ ಸಾರಥ್ಯ ಒಂದೇ ದಿನಕ್ಕೆ ಕೈಗೂಡುವ ವಿದ್ಯೆಯಲ್ಲ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಹಗುರ ವಾಹನದ ಪರವಾನಗಿಯನ್ನು ಕನಿಷ್ಠ ಒಂದು ವರ್ಷ ಹೊಂದಿದ್ದವನಿಗೇ ಸಾರಿಗೆ ವಾಹನ ಕಲಿಯುವ ಪರವಾನಗಿ ದೊರೆಯುವುದು. ವಯಸ್ಸು 20 ತುಂಬಿರಬೇಕು. ಆದರೆ ಪರವಾನಗಿ ಬೇರೆ, ಪಳಗುವಿಕೆ ಬೇರೆ. ಹಿಂದೆ ಈ ಪಳಗುವಿಕೆಗೆ ಒಂದು ಗುರುಕುಲವಿತ್ತು. ಕಲಾಸಿಪಾಳ್ಯದ ಬುಕಿಂಗ್ ಆಫೀಸುಗಳ ಮುಂದೆ ಕ್ಲೀನರಾಗಿ ಸೇರಿದ ಹುಡುಗ ವರ್ಷಗಟ್ಟಲೆ ಡ್ರೈವರನ ಎಡಕ್ಕೆ ಕುಳಿತು, ಟೈರು ಬಡಿದು, ಹಗ್ಗ ಬಿಗಿದು, ಗಾಜೊರಸಿ, ಕಣ್ಣಿನಿಂದಲೂ ಕಿವಿಯಿಂದಲೂ ಮೊದಲು ಕಲಿತು, ಆಮೇಲೆ ಕೈಯಿಂದ ಕಲಿಯುತ್ತಿದ್ದನು. ಈಗ ಎಷ್ಟೋ ಲಾರಿಗಳಲ್ಲಿ ಡ್ರೈವರನು ಒಬ್ಬನೇ. ಎಡಗಡೆಯ ಆಸನ ಖಾಲಿ. ಹೊಸಬನು ಕೇಳಬೇಕೆಂದಿರುವ ಪ್ರಶ್ನೆಗಳಿಗೆ ಉತ್ತರ ಹೇಳುವವರು ಪಕ್ಕದಲ್ಲಿಲ್ಲ. ಆದುದರಿಂದಲೇ ಆ ಪ್ರಶ್ನೆಗಳು ಒಳಗೇ ಉಳಿದು ಬೆಳೆಯುತ್ತವೆ.

ಸದ್ದಿನ ಸ್ವರೂಪ

‘ಸದ್ದು’ ಎಂಬುದು ಸಂಸ್ಕೃತದ ‘ಶಬ್ದ’ದ ತದ್ಭವ. ಪದ ಒಂದೇ ಆದರೂ ಬಳಕೆಯಲ್ಲಿ ವ್ಯತ್ಯಾಸವುಂಟು. ಶಬ್ದಕ್ಕೆ ಅರ್ಥವಿರಬಹುದೆಂದು ನಾವು ನಿರೀಕ್ಷಿಸುತ್ತೇವೆ. ಸದ್ದೆಂದರೆ ಅರ್ಥವಿಲ್ಲದ್ದೆಂದು ಭಾವಿಸುತ್ತೇವೆ. ಹೊಸ ಸಾರಥಿ ಕಲಿಯಬೇಕಾದ ಮೊದಲ ಪಾಠ ಇಲ್ಲಿಯೇ ಇದೆ: ಸದ್ದುಗಳ ನಡುವೆ ಶಬ್ದ ಯಾವುದೆಂದು ತಿಳಿಯುವುದು.

ಲಾರಿಯ ಕೋಣೆಯಲ್ಲಿ ಇಷ್ಟು ಸದ್ದು ಏಕೆ? 1954ರಲ್ಲಿ ಟಾಟಾ ಕಂಪೆನಿಯವರು ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಿಂದ ಜಮ್‌ಷೆಡ್‌ಪುರದಲ್ಲಿ ಲಾರಿ ತಯಾರಿಸಲಾರಂಭಿಸಿದಾಗ ಎಂಜಿನ್ನು ಮೂಗಿನಂತೆ ಮುಂದಕ್ಕೆ ಚಾಚಿಕೊಂಡಿತ್ತು. ಬರಬರುತ್ತ ಸರಕಿಗೆ ಹೆಚ್ಚು ಜಾಗ ಬೇಕೆಂದು ಮೂಗನ್ನು ಮೊಟಕುಮಾಡಿ ಕೋಣೆಯನ್ನು ಎಂಜಿನ್ನಿನ ಮೇಲಕ್ಕೇ ತಂದರು. ಹೀಗಾಗಿ ಡ್ರೈವರನು ಕುಳಿತುಕೊಳ್ಳುವುದು ಎಂಜಿನ್ನಿನ ನೆತ್ತಿಯ ಮೇಲೋ ಪಕ್ಕದಲ್ಲೋ. ಅದರ ಬಿಸಿಗೆ ಕಿಟಕಿ ತೆರೆಯಬೇಕು. ತೆರೆದರೆ ಗಾಳಿಯ ಹೊಡೆತ, ಟೈರಿನ ಮೊರೆತ, ಎದುರಿನವರ ಹಾರನ್ನು ಒಳನುಗ್ಗಬೇಕು. ನಮ್ಮ ದೇಶದಲ್ಲಿ ಡ್ರೈವರನು ಕುಳಿತುಕೊಳ್ಳುವುದು ಬಲಕ್ಕಾದ್ದರಿಂದ ಕಿಟಕಿಯ ಪಕ್ಕದ ಬಲಗಿವಿಗೆ ಪೆಟ್ಟು ಹೆಚ್ಚು ಬೀಳುವ ಸಂಭವವುಂಟು.

ಸದ್ದನ್ನು ಅಳೆಯುವ ಮಾನ ಡೆಸಿಬೆಲ್. ಇದು ಸೇರು ಪಾವಿನ ಲೆಕ್ಕದಂತಲ್ಲ. ಹತ್ತು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಮಡಿಯಾಗುತ್ತದೆ, ಇಪ್ಪತ್ತು ಏರಿದರೆ ನೂರು ಮಡಿಯಾಗುತ್ತದೆ. ನಾವು ಎದುರುಬದುರು ಕುಳಿತು ಆಡುವ ಮಾತು ಸುಮಾರು 60. 2000ದ ಶಬ್ದಮಾಲಿನ್ಯ ನಿಯಮಗಳು ವಾಸದ ಬಡಾವಣೆಗಳಿಗೆ ಹಗಲು 55, ರಾತ್ರಿ 45 ಎಂದು ಮಿತಿ ಹಾಕಿವೆ. ಹಳೆಯ ಮಾದರಿಯ ಲಾರಿಯ ಕೋಣೆಯಲ್ಲಿ ಅದು 85ನ್ನು ಮುಟ್ಟುವುದು ಅಪರೂಪವಲ್ಲ. ಕಿವಿಯ ತಜ್ಞರು ಸಾಮಾನ್ಯವಾಗಿ ಹೇಳುವ ಲೆಕ್ಕವೆಂದರೆ 85 ಡೆಸಿಬೆಲ್ಲಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅದರ ಮೇಲೆ 3 ಏರಿದಂತೆಲ್ಲ ಕಾಲ ಅರ್ಧಕ್ಕೆ ಇಳಿಯಬೇಕು. ಅಂದರೆ 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಒಳಗಿವಿಯ ಶಂಖದಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಸೂಕ್ಷ್ಮ ಜೀವಕೋಶಗಳಿವೆ. ತಲೆಗೂದಲು ಉದುರಿದರೆ ಮತ್ತೆ ಬಂದೀತು. ಇವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಲಾರಿಯಿಂದ ಇಳಿದ ಮೇಲೂ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿದ್ದರೆ, ಮನೆಯವರ ಮಾತು ಕೆಲವು ಗಂಟೆ ಮಂದವಾಗಿ ಕೇಳಿದರೆ, ಅದು ಕಿವಿ ಕೊಡುವ ಎಚ್ಚರಿಕೆ. ಒಂದೇ ಸಮನೆ ಮೊರೆಯುವ ಸದ್ದು ಕಿವಿಯನ್ನಷ್ಟೇ ಅಲ್ಲ, ಮೈಯನ್ನೂ ದಣಿಸುತ್ತದೆ, ಸಿಡುಕನ್ನೂ ಹೆಚ್ಚಿಸುತ್ತದೆ ಎಂಬುದನ್ನು ಮರೆಯಬಾರದು.

ಇದಕ್ಕೆ ಪರಿಹಾರವೇನು? ಹತ್ತಿ ತುರುಕಿಕೊಳ್ಳುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಎರಡು ಕಿವಿಗೂ ಹಾಡಿನ ತಂತಿ ಸಿಕ್ಕಿಸಿಕೊಂಡರೆ ಸದ್ದಿನ ಮೇಲೆ ಸದ್ದು ಹೇರಿದಂತಾಗುತ್ತದೆ. ಕೇಳಬೇಕಾದ ಹಾರನ್ನೂ ಕೇಳದೆಹೋಗುತ್ತದೆ. ಮಾಡಬೇಕಾದ್ದು ಸದ್ದು ಹುಟ್ಟುವ ಕಡೆ: ಎಂಜಿನ್ನಿನ ಮುಚ್ಚಳದ ಕೆಳಗಿನ ಹಾಸು ಹರಿದಿದ್ದರೆ ಹೊಸದು ಹಾಕಿಸುವುದು, ಬಾಗಿಲಿನ ರಬ್ಬರು ಬದಲಿಸುವುದು, ಸಡಿಲವಾದ ತಗಡನ್ನು ಬಿಗಿಸುವುದು, ತೂತಾದ ಸೈಲೆನ್ಸರನ್ನು ಬೆಸೆಸುವುದು. ಇವು ನೂರಾರು ರೂಪಾಯಿಗಳಲ್ಲಿ, ಹೆಚ್ಚೆಂದರೆ ಕೆಲವು ಸಾವಿರಗಳಲ್ಲಿ ಮುಗಿಯುವ ಕೆಲಸ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕೋಣೆಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಇದನ್ನು ಸುಖದ ಸಾಧನವೆಂದು ಕೆಲವರು ಹಾಸ್ಯಮಾಡಿದರು. ಆದರೆ ಕಿಟಕಿ ಮುಚ್ಚಿಕೊಂಡು ಓಡಿಸಲು ಸಾಧ್ಯವಾಗುವುದೇ ಕಿವಿಗೆ ದೊಡ್ಡ ಉಪಕಾರ.

ಕೇಳಬೇಕಾದ ಸದ್ದುಗಳು

ಇರಲಿ. ಸದ್ದನ್ನೆಲ್ಲ ಅಡಗಿಸಿಬಿಟ್ಟರೆ ಸಾರಥಿ ಕಿವುಡನಂತಾಗುತ್ತಾನೆ. ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯಗಳೆಂದು ಒಂದು ವರ್ಗವಿದೆ: ದಬದಬ, ಚಟಚಟ, ಸರಸರ, ಗರಗರ. ಪ್ರಕೃತಿಯ ಸದ್ದನ್ನು ಕೇಳಿದಂತೆಯೇ ಹಿಡಿದಿಟ್ಟ ಮಾತುಗಳು ಇವು. ಒಳ್ಳೆಯ ಸಾರಥಿಯ ಕಿವಿಯಲ್ಲಿಯೂ ಇಂತಹುದೇ ಒಂದು ಪಟ್ಟಿ ಇರುತ್ತದೆ.

ಅದರಲ್ಲಿ ಕೆಲವು ಸದ್ದುಗಳು ನಿರಪಾಯವಾದವು. ಬ್ರೇಕು ಬಿಟ್ಟಾಗ ‘ಉಸ್’ ಎನ್ನುವುದು ಗಾಳಿ ಹೊರಬೀಳುವ ಸದ್ದು. ಹೊಸಬನು ಬೆಚ್ಚುತ್ತಾನೆ, ಹಳಬನಿಗೆ ಅದು ಲಾರಿಯ ನಿಟ್ಟುಸಿರು. ಏರಿನಲ್ಲಿ ಟರ್ಬೊ ಸಣ್ಣಗೆ ಸಿಳ್ಳೆ ಹಾಕುವುದೂ, ಇಳಿಜಾರಿನಲ್ಲಿ ಎಕ್ಸಾಸ್ಟ್ ಬ್ರೇಕು ‘ಭೋರ್’ ಎನ್ನುವುದೂ ಸಹಜ. ಡಾಂಬರಿನಿಂದ ಕಾಂಕ್ರೀಟು ರಸ್ತೆಗೆ ಬಂದಾಗ ಟೈರಿನ ಶ್ರುತಿ ಬದಲಾಗುವುದೂ ಸಹಜ. ಇವು ಎಷ್ಟು ದೊಡ್ಡವಾದರೂ ಹೆದರಬೇಕಾಗಿಲ್ಲ.

ಮತ್ತೆ ಕೆಲವು ಸಣ್ಣವಾದರೂ ನಿಲ್ಲಿಸಿ ನೋಡಬೇಕಾದವು. ಎಂಜಿನ್ನು ನಿಲ್ಲಿಸಿದ ಮೇಲೂ ‘ಸುಯ್’ ಎಂಬ ಎಳೆ ಕೇಳುತ್ತಿದ್ದರೆ ಎಲ್ಲಿಯೋ ಗಾಳಿ ಸೋರುತ್ತಿದೆ ಎಂದರ್ಥ. ಲಾರಿಯ ಬ್ರೇಕು ನಡೆಯುವುದು ಒತ್ತಿಟ್ಟ ಗಾಳಿಯಿಂದಾದ್ದರಿಂದ ಒತ್ತಡ ಇಳಿದಾಗ ಬಜರು ಕೂಗುತ್ತದೆ. ಆಗ ಲಾರಿ ನಿಂತಿದ್ದರೆ ಕದಲಿಸಬಾರದು. ಚಲಿಸುತ್ತಿದ್ದರೆ ಕ್ಷೇಮವಾದ ಕಡೆ ಕೂಡಲೇ ನಿಲ್ಲಿಸಬೇಕು. ಹಳ್ಳ ಹತ್ತಿಳಿಯುವಾಗ ಅಡಿಯಿಂದ ‘ಕಟಕಟ’ ಎಂದರೆ ಪಟ್ಟಿ ಸ್ಪ್ರಿಂಗಿನ ಬೋಲ್ಟೋ ಚಕ್ರದ ನಟ್ಟೋ ಸಡಿಲವಾಗಿರಬಹುದು. ಬ್ರೇಕು ತುಳಿದಾಗ ‘ಗರಗರ’ ಎಂದರೆ ಲೈನರು ಸವೆದಿರಬಹುದು. ಬೆಳಗ್ಗೆ ಚಾಲೂ ಮಾಡಿದೊಡನೆ ‘ಕೀಚ್’ ಎಂದರೆ ಬೆಲ್ಟು. ಹಿಂದಿನಿಂದ ‘ಪಟಪಟ’ ಎಂದರೆ ಟಾರ್ಪಾಲಿನ ಹಗ್ಗ ಬಿಚ್ಚಿದೆ. ಅದು ಹಾರಿ ಹಿಂದೆ ಬರುವ ಬೈಸಿಕಲ್ಲಿನವನ ಮುಖ ಮುಚ್ಚುವ ಮೊದಲೇ ಬಿಗಿಯಬೇಕು.

ಕ್ಲೀನರುಗಳು ಕೋಲಿನಿಂದಲೋ ಸಲಾಕೆಯಿಂದಲೋ ಟೈರು ಬಡಿಯುವುದನ್ನು ನೀವು ನೋಡಿರಬಹುದು. ಅದು ಆಟವಲ್ಲ. ಗಾಳಿ ತುಂಬಿದ ಟೈರು ಕೋಲನ್ನು ಪುಟಿಸಿ ‘ಠಣ್’ ಎನ್ನುತ್ತದೆ. ಗಾಳಿ ಇಳಿದದ್ದು ‘ದಪ್’ ಎನ್ನುತ್ತದೆ. ಹಿಂಗಾಲಿಯಲ್ಲಿ ಜೋಡಿ ಟೈರುಗಳಿರುವುದರಿಂದ ಒಳಗಿನದು ಇಳಿದರೂ ಹೊರಗಿನದು ಭಾರ ಹೊತ್ತುಕೊಂಡು ಮರೆಮಾಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಅಳತೆಯ ಗೇಜು ಇದಕ್ಕಿಂತ ನಿಖರವೇನೋ ನಿಜ. ಆದರೆ ಪ್ರತಿ ನಿಲುಗಡೆಯಲ್ಲಿಯೂ ಎರಡು ನಿಮಿಷದಲ್ಲಿ ಎಲ್ಲ ಟೈರುಗಳನ್ನು ವಿಚಾರಿಸಿಕೊಳ್ಳಲು ಕೋಲೇ ಸಾಕು.

ಹಾಗಾದರೆ ಎಲ್ಲಕ್ಕೂ ಅನ್ವಯಿಸುವ ಸೂತ್ರ ಯಾವುದು? ‘ಸದ್ದು ದೊಡ್ಡದೇ?’ ಎಂದು ಕೇಳಬಾರದು, ‘ಸದ್ದು ಬದಲಾಗಿದೆಯೇ?’ ಎಂದು ಕೇಳಬೇಕು. ನಲವತ್ತು ಮಕ್ಕಳ ತರಗತಿಯಲ್ಲಿ ಕಪ್ಪುಹಲಗೆಯ ಕಡೆ ತಿರುಗಿ ಬರೆಯುತ್ತಿರುವ ಉಪಾಧ್ಯಾಯನಿಗೆ ಇದು ಗೊತ್ತು. ಮಾಮೂಲು ಗದ್ದಲ ಬೆನ್ನಿಗೆ ತಾಗುವುದಿಲ್ಲ. ಆದರೆ ಮೂಲೆಯ ಬೆಂಚು ಇದ್ದಕ್ಕಿದ್ದಂತೆ ಸುಮ್ಮನಾದರೆ ಕೈಯಲ್ಲಿನ ಸೀಮೆಸುಣ್ಣ ತಾನೇ ನಿಲ್ಲುತ್ತದೆ. ನಾನು ಮೂವತ್ತು ವರ್ಷ ಈ ಕೆಲಸದಲ್ಲಿ ಕಲಿತದ್ದು ಇದು. ಸಾರಥಿಯ ವಿದ್ಯೆಯೂ ಇದೇ ಜಾತಿಯದು. ಆದುದರಿಂದ ಹೊಸಬನು ಪ್ರತಿದಿನ ಹೊರಟ ಮೊದಲ ಹತ್ತು ನಿಮಿಷ ರೇಡಿಯೋ ಹಾಕದೆ ಲಾರಿಯನ್ನಷ್ಟೇ ಕೇಳುವುದು ಒಳ್ಳೆಯದು. ಅಂದಿನ ಮಾಮೂಲು ಸದ್ದು ಕಿವಿಯಲ್ಲಿ ನೆಲೆಸಿದರೆ, ಬದಲಾವಣೆ ತಾನಾಗಿಯೇ ಕೇಳಿಸುತ್ತದೆ.

ಸಂದೇಹದ ಬಗೆಗಳು

ಸದ್ದನ್ನು ಹೀಗೆ ವಿಂಗಡಿಸಬಹುದಾದರೆ ಸಂದೇಹವನ್ನೂ ವಿಂಗಡಿಸಬಹುದು. ಸಂದೇಹವೆಂದರೆ ರೋಗವೆಂದು ನಾವು ತಿಳಿದಿದ್ದೇವೆ. ನಮ್ಮ ಹಿಂದಿನವರು ಹಾಗೆ ಎಣಿಸಲಿಲ್ಲ. ಗೌತಮನ ನ್ಯಾಯಶಾಸ್ತ್ರದಲ್ಲಿ ತಿಳಿಯತಕ್ಕ ಹದಿನಾರು ಪದಾರ್ಥಗಳನ್ನು ಹೇಳಿದೆ. ಅವುಗಳಲ್ಲಿ ಮೂರನೆಯದೇ ಸಂಶಯ. ಸಂಶಯವಿಲ್ಲದೆ ವಿಚಾರ ಹುಟ್ಟುವುದಿಲ್ಲವೆಂಬುದು ಅವರ ಮತ. ಅದಕ್ಕೆ ಕೊಡುವ ದೃಷ್ಟಾಂತವೂ ರಸ್ತೆಯದೇ ಎನ್ನಬಹುದು: ಮಬ್ಬುಗತ್ತಲಿನಲ್ಲಿ ದೂರದಲ್ಲಿ ನೆಟ್ಟಗೆ ಏನೋ ಕಾಣುತ್ತಿದೆ. ಅದು ಮೋಟುಮರವೋ, ಮನುಷ್ಯನೋ? ಕೈಕಾಲು ಕಂಡರೆ ಮನುಷ್ಯನೆಂದು, ಪೊಟರೆ ಕಂಡರೆ ಮರವೆಂದು ನಿಶ್ಚಯವಾಗುತ್ತದೆ. ಅಂದರೆ ಸಂದೇಹವನ್ನು ಕಳೆಯುವುದು ಧೈರ್ಯವಲ್ಲ, ಹತ್ತಿರದಿಂದ ನೋಡುವುದು. ರಾತ್ರಿ ರಸ್ತೆಯಲ್ಲಿ ಈ ಸಂದೇಹ ಬಂದ ಸಾರಥಿ ಮಾಡಬೇಕಾದ್ದೂ ಅದನ್ನೇ: ವೇಗ ಇಳಿಸುವುದು, ದೀಪ ಬೀರುವುದು, ನಿಶ್ಚಯವಾಗುವ ತನಕ ಮನುಷ್ಯನೆಂದೇ ಎಣಿಸುವುದು.

ವಾಹನವನ್ನು ಕುರಿತ ಸಂದೇಹಗಳೆಲ್ಲ ಈ ಮೊದಲ ಬಗೆಯವು. ‘ಹಿಂದಿನ ಬಾಗಿಲಿನ ಚಿಲಕ ಹಾಕಿದೆನೇ? ಆ ಟೈರು ಸರಿಯಿದೆಯೇ?’ ಇವನ್ನು ತಲೆಯಲ್ಲಿ ಹೊತ್ತು ನೂರು ಕಿಲೋಮೀಟರು ಹೋಗುವುದು ಅವಿವೇಕ. ಇಳಿದು ನೋಡಿದರೆ ಮುಗಿಯಿತು. ಇಳಿದು ನೋಡುವ ಹೊಸಬನನ್ನು ಕಂಡು ನಗುವವರುಂಟು. ನಗಲಿ.

ಎರಡನೆಯದು ತನ್ನ ಕೈಯ ಮೇಲಿನ ಸಂದೇಹ. ಇದು ನೋಡಿದರೆ ಹೋಗುವುದಿಲ್ಲ, ಮಾಡಿದರೆ ಹೋಗುತ್ತದೆ. ನನ್ನಲ್ಲಿ ಓದಿ ಈಗ ಲಾರಿ ನಡೆಸುತ್ತಿರುವ ಹುಡುಗನೊಬ್ಬನು ಹೇಳಿದ್ದುಂಟು: ಮೊದಲ ತಿಂಗಳುಗಳಲ್ಲಿ ಅವನನ್ನು ಕಾಡಿದ್ದು ಹೆದ್ದಾರಿಯಲ್ಲ, ಗೋದಾಮಿನ ಇಕ್ಕಟ್ಟಿನಲ್ಲಿ ಲಾರಿಯನ್ನು ಹಿಂದಕ್ಕೆ ತರುವಾಗ ನಾಲ್ಕು ಜನ ನಾಲ್ಕು ಕಡೆಯಿಂದ ‘ಬಾ ಬಾ’, ‘ಹೋಲ್ಡಾನ್’ ಎಂದು ಕೂಗುತ್ತಿದ್ದದ್ದು. ಸದ್ದೂ ಸಂದೇಹವೂ ಕೂಡಿ ಕೈ ನಡುಗುತ್ತಿತ್ತಂತೆ. ಆಮೇಲೆ ಅವನು ಒಂದು ನಿಯಮ ಮಾಡಿಕೊಂಡನು: ಮೊದಲು ಇಳಿದು ಜಾಗ ನೋಡುವುದು, ಒಬ್ಬನನ್ನು ಮಾತ್ರ ಸನ್ನೆ ಮಾಡಲು ನಿಲ್ಲಿಸಿಕೊಳ್ಳುವುದು, ಅವನು ಕನ್ನಡಿಯಿಂದ ಮರೆಯಾದರೆ ಲಾರಿ ನಿಲ್ಲಿಸುವುದು. ಉಳಿದವರ ಕೂಗು ಕೂಗಾಗಿಯೇ ಉಳಿಯಿತು.

ಘಟ್ಟವೂ ಹೀಗೆಯೇ. ಸಕಲೇಶಪುರದಿಂದ ಗುಂಡ್ಯದ ಕಡೆಗೆ ಶಿರಾಡಿ ಘಾಟಿಯನ್ನು ಮೊದಲ ಸಲ ಇಳಿಯುವವನಿಗೆ, ಅದರಲ್ಲಿಯೂ ಮಳೆಗಾಲದ ಮಂಜಿನಲ್ಲಿ, ಎದೆ ಡವಗುಟ್ಟದಿದ್ದರೆ ಆಶ್ಚರ್ಯ. ಆ ಹೆದರಿಕೆಗೆ ಉತ್ತರ ಧೈರ್ಯದ ಮಾತಲ್ಲ, ಕ್ರಮ. ಯಾವ ಗೇರಿನಲ್ಲಿ ಹತ್ತಬೇಕಾಗಿತ್ತೋ ಆ ಗೇರಿನಲ್ಲೇ ಇಳಿಯಬೇಕೆಂದು ಹಳಬರು ಹೇಳುತ್ತಾರೆ; ಆ ಗೇರನ್ನು ಇಳಿಜಾರಿನ ನಡುವೆಯಲ್ಲ, ತುದಿಯಲ್ಲಿರುವಾಗಲೇ ಹಾಕಿಕೊಳ್ಳಬೇಕು. ಎಂಜಿನ್ನೇ ಲಾರಿಯನ್ನು ಹಿಡಿದಿರುವಂತೆ ಬಿಟ್ಟು ಬ್ರೇಕನ್ನು ಆಗಾಗ ಮಾತ್ರ ಬಳಸಬೇಕು. ಒಂದೇ ಸಮನೆ ತುಳಿದುಕೊಂಡಿದ್ದರೆ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಡೀಸೆಲ್ಲು ಉಳಿಯಲೆಂದು ನ್ಯೂಟ್ರಲ್ಲಿನಲ್ಲಿ ಉರುಳಿಸಿಕೊಂಡು ಹೋಗುವುದಂತೂ ಪ್ರಾಣದೊಡನೆ ಆಡುವ ಜೂಜು. ಈ ಕ್ರಮದಿಂದ ಹತ್ತು ಸಲ ಇಳಿದವನಿಗೆ ಹನ್ನೊಂದನೆಯ ಸಲ ಭಯವಿರುವುದಿಲ್ಲ, ಎಚ್ಚರವಿರುತ್ತದೆ.

ಮೂರನೆಯದು ಕಸಬನ್ನೇ ಕುರಿತದ್ದು: ‘ಇದರಿಂದ ಬದುಕು ನಡೆದೀತೇ?’ ಇದಕ್ಕೆ ಸಿದ್ಧ ಉತ್ತರವನ್ನು ಯಾರೂ ಕೊಡಲಾರರು. 1976ರಲ್ಲಿ ಗದಗಿನ ವಿಜಯ ಸಂಕೇಶ್ವರರು ಪುಸ್ತಕ ಮುದ್ರಣದ ಮನೆತನದಿಂದ ಬಂದವರಾಗಿದ್ದೂ ಒಂದೇ ಒಂದು ಲಾರಿಯಿಂದ ಸಾಗಣೆಯ ಉದ್ಯಮ ಆರಂಭಿಸಿದಾಗ ಅವರ ಮುಂದೆಯೂ ನಿಶ್ಚಯವೇನೂ ಇರಲಿಲ್ಲ. ಆ ಸಂಸ್ಥೆ ಹುಬ್ಬಳ್ಳಿಗೆ ಬಂದು ಮುಂದೆ ಸಾವಿರಾರು ವಾಹನಗಳಿಗೆ ಬೆಳೆಯಿತು. ಎಲ್ಲರೂ ಹಾಗೆ ಬೆಳೆದಾರೆಂದು ಹೇಳುವುದಕ್ಕಾಗಿ ಇದನ್ನು ಹೇಳಲಿಲ್ಲ. ಎಷ್ಟೋ ಒಂದು ಲಾರಿಯ ಸಾಹಸಗಳು ಒಂದು ಲಾರಿಯಲ್ಲೇ ಮುಗಿದಿವೆ. ನಿಶ್ಚಯವಿಲ್ಲದೆ ಹೊರಡುವುದು ಎಲ್ಲ ಹೊಸಬರ ಪಾಲಿಗೂ ಬಂದದ್ದು ಎಂದು ತಿಳಿದರೆ ಸಾಕು. ಈ ಪ್ರಶ್ನೆಯನ್ನು ಬಿಡುವಿನ ದಿನ ಮನೆಯವರೊಡನೆ ಕುಳಿತು, ಬಂದದ್ದು ಹೋದದ್ದು ಬರೆದಿಟ್ಟ ಲೆಕ್ಕವನ್ನು ಮುಂದಿಟ್ಟುಕೊಂಡು ಕೇಳಬೇಕು. ರಾತ್ರಿ ಎರಡು ಗಂಟೆಗೆ ಚಿತ್ರದುರ್ಗದ ಬಯಲಿನಲ್ಲಿ ಸ್ಟಿಯರಿಂಗು ಹಿಡಿದು ಕೇಳಬಾರದು. ಆ ಹೊತ್ತಿನ ದಣಿದ ಮನಸ್ಸಿಗೆ ಎಲ್ಲವೂ ಕತ್ತಲೆಯಾಗಿಯೇ ಕಾಣುತ್ತದೆ.

ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಲಾರಿ ಹತ್ತಲು ಕಾಲೇ ಬಾರದಂತಾದರೆ ಅದು ಬರಿಯ ಅಂಜಿಕೆಯಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮೇಲುಸ್ತುವಾರಿಯಲ್ಲಿ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲೂ ರಾತ್ರಿಯೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಲಾರಿಯ ಎಂಜಿನ್ನನ್ನು ಮೆಕಾನಿಕ್ಕಿಗೆ ತೋರಿಸಲು ನಾಚದವನು ಮನಸ್ಸನ್ನು ತೋರಿಸಲು ನಾಚಬೇಕಾಗಿಲ್ಲ.

ಸಂದೇಹಪಡಬಾರದ ಒಂದು ಸಂದೇಹ

ಇನ್ನು ಒಂದು ಉಳಿದಿದೆ. ‘ನನಗೆ ನಿದ್ದೆ ಬರುತ್ತಿದೆಯೇ?’ ಎಂಬ ಪ್ರಶ್ನೆ ಮನಸ್ಸಿನಲ್ಲಿ ಎದ್ದರೆ ಅದರ ಉತ್ತರ ‘ಹೌದು’ ಎಂದೇ. ಅದು ವಿಚಾರಕ್ಕೆ ಇಡುವ ಸಂದೇಹವಲ್ಲ, ಪಾಲಿಸಬೇಕಾದ ಆಜ್ಞೆ.

ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಲಾರಿ ಒಂದು ಸೆಕೆಂಡಿಗೆ 22 ಮೀಟರು ಓಡುತ್ತದೆ. ನಾಲ್ಕು ಸೆಕೆಂಡು ರೆಪ್ಪೆ ಮುಚ್ಚಿದರೆ ಹೆಚ್ಚುಕಡಮೆ 90 ಮೀಟರು ದೂರ ಸಾರಥಿಯಿಲ್ಲದ ಲಾರಿ ಓಡಿತೆಂದಾಯಿತು. ಹದಿನೇಳು ಗಂಟೆ ಎಚ್ಚರವಾಗಿದ್ದವನ ಚುರುಕುತನ, ನೂರು ಮಿಲಿಲೀಟರು ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿರುವವನಷ್ಟಕ್ಕೆ ಇಳಿಯುತ್ತದೆಂದು ಪ್ರಯೋಗಗಳಿಂದ ಕಂಡಿದ್ದಾರೆ. ನಮ್ಮ ಕಾಯಿದೆಯ ಮಿತಿ 30 ಮಿಲಿಗ್ರಾಂ. ಕುಡಿಯದವನೂ ಕುಡಿದವನಾಗುವುದು ಹೀಗೆ. ಅಪಾಯದ ವೇಳೆ ರಾತ್ರಿ ಎರಡರಿಂದ ಬೆಳಗಿನ ಐದಾರರವರೆಗೆ, ಮತ್ತೆ ಮಧ್ಯಾಹ್ನದ ಊಟದ ಅನಂತರ ಎರಡರಿಂದ ನಾಲ್ಕರವರೆಗೆ.

ಇಲ್ಲಿ ರೇಡಿಯೋದ ಮಾತೂ ಬರುತ್ತದೆ. ಒಂಟಿ ಸಾರಥಿಗೆ ರೇಡಿಯೋ ಒಳ್ಳೆಯ ಜೊತೆಗಾರ. 1957ರ ಅಕ್ಟೋಬರ್ 3ರಂದು ಆರಂಭವಾದ ವಿವಿಧಭಾರತಿಯ ಹಾಡುಗಳನ್ನು ಕೇಳುತ್ತ ದಾರಿ ಸವೆಸಿದವರು ಎಷ್ಟೋ ಮಂದಿ. ಪುಣೆ ಮುಂಬಯಿಗಳ ದಾರಿ ಹಿಡಿದವನಿಗೆ ಬೆಂಗಳೂರಿನ ಧ್ವನಿ ಮಸಳಿಸಿದ ಮೇಲೆ ಚಿತ್ರದುರ್ಗದ್ದು, ಆಮೇಲೆ ಧಾರವಾಡದ್ದು ಸಿಕ್ಕಿ, ನಿಪ್ಪಾಣಿ ದಾಟುವವರೆಗೂ ಕನ್ನಡದ ಸಂಗವಿರುತ್ತದೆ. ಇದು ಒಂಟಿತನಕ್ಕೆ ಮದ್ದು, ಬೇಸರಕ್ಕೂ ಮದ್ದು. ಆದರೆ ನಿದ್ದೆಗೆ ಮದ್ದಲ್ಲ. ರೇಡಿಯೋ ಜೋರಾಗಿ ಹಾಕುವುದು, ಕಿಟಕಿ ತೆರೆದು ಮುಖಕ್ಕೆ ಗಾಳಿ ಹೊಡೆಸಿಕೊಳ್ಳುವುದು ಇವೆರಡರ ಪರಿಣಾಮವೂ ಅಲ್ಪ, ಅದೂ ಕೆಲವು ನಿಮಿಷಗಳಿಗೆ ಮಾತ್ರ. ರೇಡಿಯೋ ಪತ್ರಿಕೆಯಲ್ಲಿ ಬರೆಯುತ್ತಿದ್ದರೂ ಇದನ್ನು ಹೇಳಲೇಬೇಕು.

ಮಾಡತಕ್ಕದ್ದೇನೆಂದರೆ, ರಸ್ತೆಯಿಂದ ಪೂರ್ತಿ ಹೊರಗೆ, ಬೆಳಕಿರುವ ಜಾಗದಲ್ಲಿ ಲಾರಿ ನಿಲ್ಲಿಸಿ, ಒಂದು ಲೋಟ ಕಾಫಿ ಕುಡಿದು, ಕೂಡಲೇ ಇಪ್ಪತ್ತು ನಿಮಿಷ ಮಲಗುವುದು. ಕಾಫಿಯ ಗುಣ ಮೈಗೆ ಹತ್ತಲು ಸುಮಾರು ಅಷ್ಟೇ ಹೊತ್ತು ಬೇಕಾದ್ದರಿಂದ ಏಳುವಾಗ ಎರಡರ ಫಲವೂ ಸೇರುತ್ತದೆ. ಇದು ಸಾಲಕ್ಕೆ ಕಟ್ಟಿದ ಬಡ್ಡಿ ಮಾತ್ರ. ಅಸಲು ತೀರಬೇಕಾದರೆ ಏಳೆಂಟು ಗಂಟೆಯ ನಿದ್ದೆಯೇ ಬೇಕು. ಆಗ ಸದ್ದನ್ನು ಅಡಗಿಸಲು ಕಿವಿಗೆ ಸ್ಪಂಜಿನ ಬಿರಡೆ ಹಾಕಿಕೊಳ್ಳಬಹುದು. ಓಡಿಸುವಾಗ ಬೇಡವಾದ ಬಿರಡೆ ಮಲಗುವಾಗ ಒಳ್ಳೆಯದು. ಸರ್ಕಾರೀ ತೈಲ ಕಂಪೆನಿಗಳ ಕೆಲವು ಪೆಟ್ರೋಲ್ ಬಂಕುಗಳಲ್ಲಿ ‘ಅಪ್ನಾ ಘರ್’ ಎಂಬ ಹೆಸರಿನಿಂದ ಲಾರಿ ಚಾಲಕರಿಗೆ ಮಲಗುವ, ಸ್ನಾನಮಾಡುವ ವ್ಯವಸ್ಥೆಯಾಗಿದೆ. ಹೆದ್ದಾರಿಯಲ್ಲಿ ತೊಂದರೆಯಾದರೆ 1033, ಪ್ರಾಣಾಪಾಯಕ್ಕೆ 112 ಎಂಬ ಸಂಖ್ಯೆಗಳನ್ನು ಹೊಸಬನು ಬಾಯಿಪಾಠ ಮಾಡಿರಬೇಕು.

ದುಡಿಮೆಯ ಗಂಟೆಗಳ ಮಾತು ಹೊಸದೇನಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಸಾಮಾನ್ಯ ಮಿತಿ ಹಾಕಿತ್ತು. 5 ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕೆಂದು ವಿಧಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ ಆ ಕಾಯಿದೆಯ ಸ್ಥಾನಕ್ಕೆ ಬಂದಿದೆ. ದಿನದ ಎಂಟು ಗಂಟೆಯ ತತ್ತ್ವ ಹಾಗೆಯೇ ಉಳಿದಿದೆ. ಕಾಗದದ ಮೇಲಿನ ಗಂಟೆ ರಸ್ತೆಯ ಮೇಲೆ ನಡೆಯದಿರುವುದಕ್ಕೆ ಮಾಲೀಕನ ಅವಸರ ಒಂದು ಕಾರಣವಾದರೆ, ‘ನಾಳೆ ಬೆಳಗ್ಗೆಯೇ ಸರಕು ಬರಬೇಕು’ ಎಂಬ ನಮ್ಮ ಅವಸರ ಇನ್ನೊಂದು.

ನಮ್ಮ ಪಾಲು

ಆದುದರಿಂದ ಕೊನೆಯದಾಗಿ ಮನೆಯಲ್ಲಿರುವ ನಮಗೂ ಕೆಲವು ಮಾತು. ದೂರದ ದಾರಿಯಲ್ಲಿರುವ ಮಗನಿಗೆ ಅರ್ಧ ಗಂಟೆಗೊಮ್ಮೆ ‘ಎಲ್ಲಿದ್ದೀಯೆ?’ ಎಂದು ಟೆಲಿಫೋನು ಮಾಡುವುದು ಪ್ರೀತಿಯಿಂದಲೇ. ಆದರೆ ಆ ಗಂಟೆ ಆತನ ಕೋಣೆಯ ಸದ್ದಿಗೆ ಇನ್ನೊಂದು ಸದ್ದನ್ನೂ, ನಮ್ಮ ಸಂದೇಹವನ್ನು ಆತನ ಸಂದೇಹಕ್ಕೂ ಸೇರಿಸುತ್ತದೆ. ಆತನು ನಿಂತ ಕಡೆಯಿಂದ ಆತನೇ ಕರೆಯಲಿ ಎಂದು ಹೊತ್ತು ಗೊತ್ತುಮಾಡಿಕೊಳ್ಳಿ. ಕರೆದಾಗ ಮನೆಯ ಸಾಲದ ಮಾತಿಗಿಂತ ಮೊದಲು ‘ನಿದ್ದೆಯಾಯಿತೇ?’ ಎಂದು ಕೇಳಿ. ‘ನಿದ್ದೆ ಬಂತು, ನಿಲ್ಲಿಸಿದೆ, ತಡವಾಗುತ್ತದೆ’ ಎಂದರೆ ‘ಒಳ್ಳೆಯದು ಮಾಡಿದೆ’ ಎನ್ನಿ. ಆ ಒಂದು ಮಾತಿಗೆ ಎಷ್ಟು ಬೆಲೆಯೆಂಬುದು ಹೇಳಿದವರಿಗೆ ತಿಳಿಯದಿರಬಹುದು, ಕೇಳಿದವನಿಗೆ ತಿಳಿಯುತ್ತದೆ.

ಕಾರು ಸ್ಕೂಟರುಗಳಲ್ಲಿ ಹೋಗುವವರು ಲಾರಿಯ ಹಿಂದೆ ನಿಂತು ಸುಮ್ಮನೆ ಹಾರನ್ನು ಒತ್ತಬೇಡಿ. ಹಲವು ಲಾರಿಗಳ ಬೆನ್ನ ಮೇಲೆ ಹಾರನ್ನು ಮಾಡಿರೆಂದು ಬರೆದಿರುವುದೇನೋ ನಿಜ. ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಅಂತಹ ಬರೆಹವನ್ನೇ ನಿಷೇಧಿಸಿತು. ಹಿಂದಿನವನ ಹಾರನ್ನು ಮುಂದಿನ ಕೋಣೆಯಲ್ಲಿರುವ ಹೊಸಬನಿಗೆ ‘ಏನೋ ಆಗಿದೆ’ ಎಂಬ ಸುಳ್ಳು ಸುದ್ದಿಯಾಗಿ ಮುಟ್ಟುತ್ತದೆ. ಲಾರಿಯ ಎಡಮಗ್ಗುಲಿನಲ್ಲಿ ನುಸುಳಬೇಡಿ. ನಿಮಗೆ ಆತನ ಕನ್ನಡಿ ಕಾಣದಿದ್ದರೆ ಆತನಿಗೆ ನೀವು ಕಾಣುವುದಿಲ್ಲ. ಬಡಾವಣೆಯ ಅಂಚಿನಲ್ಲಿ ಯಾರಿಗೂ ಅಡ್ಡಿಯಾಗದಂತೆ ಹಗಲಿನಲ್ಲಿ ನಿಂತಿರುವ ಲಾರಿಯ ಬಾಗಿಲು ಬಡಿದು ಎಬ್ಬಿಸಬೇಡಿ. ಒಳಗೆ ಮಲಗಿರುವವನು ಸೋಮಾರಿಯಲ್ಲ. ರಾತ್ರಿಯೆಲ್ಲ ದುಡಿದು, ಮುಂದಿನ ರಾತ್ರಿಗೆ ಬೇಕಾದ ನಿದ್ದೆಯನ್ನು ಕೂಡಿಸಿಕೊಳ್ಳುತ್ತಿರುವವನು.

ಸದ್ದಿಲ್ಲದ ರಸ್ತೆಯಿಲ್ಲ, ಸಂದೇಹವಿಲ್ಲದ ಹೊಸಬನಿಲ್ಲ. ಯಾವ ಸದ್ದಿಗೆ ನಿಲ್ಲಬೇಕು, ಯಾವುದಕ್ಕೆ ಮುಂದೆ ಸಾಗಬೇಕು. ಯಾವ ಸಂದೇಹವನ್ನು ಇಳಿದು ನೋಡಬೇಕು, ಯಾವುದನ್ನು ಬಿಡುವಿನ ದಿನಕ್ಕೆ ಎತ್ತಿಡಬೇಕು ಎಂಬುದನ್ನು ತಿಳಿದವನು ಹೊಸಬನಾಗಿ ಉಳಿಯುವುದಿಲ್ಲ. ಅಷ್ಟು ತಿಳಿಯಲು ಒಂದು ವರ್ಷವಾದರೂ ಬೇಕು. ಆ ಒಂದು ವರ್ಷ ಆತನನ್ನು ಅವಸರಪಡಿಸದಿರುವುದು ಮಾಲೀಕನ ಕೆಲಸ, ಮನೆಯವರ ಕೆಲಸ, ರಸ್ತೆಯಲ್ಲಿ ಓಡಾಡುವ ನಮ್ಮೆಲ್ಲರ ಕೆಲಸ.